ಸಾಹೇಬರ ಫಟ್‌ಫಟಿಗೆ ಇಪ್ಪತ್ತು ಸುತ್ತು

ಸ್ಪ್ರಿಂಗಿಗೆ ನಾವು ಅನ್ನುವ ಕಮಾನು ಎಂಬ ಮೂರಕ್ಷರದ ಮೇಲೆ ಸೇಡಂ ತಾಲೂಕಿನಲ್ಲಿ ನನ್ನಷ್ಟು ದರ್ಬಾರು ನಡೆಸಿದವನು ಇನ್ನೊಬ್ಬನಿಲ್ಲ. ಟಾಂಗಾದ ಕಮಾನಿರಲಿ, ತಹಸೀಲ್ ಕಚೇರಿಯ ಕುರ್ಚಿಯ ಕಮಾನಿರಲಿ, ಕುಸಿದದ್ದೆಲ್ಲ ಸ್ಟೇಷನ್ ರಸ್ತೆಯ ನಾಗೇಂದ್ರಪ್ಪ ಮಿಸ್ತ್ರಿಯ ಕುಲುಮೆಗೇ ಬರಬೇಕು. ಬಂದದ್ದು ನೆಟ್ಟಗಾಗಿಯೇ ಹೋಗಬೇಕು. ಹಾಗಾಗಿ, ದೊಡ್ಡ ಯುದ್ಧ ಮುಗಿದ ಮರುವರ್ಷ ಚಿಂಚೋಳಿಯ ಕಾಡಿನ ಅಧಿಕಾರಿ, ಜಂಗಲಾತ್ ಅಮೀನ್ ಬಂದೇಅಲಿ ಸಾಹೇಬರು ತಮ್ಮ ಫಟ್‌ಫಟಿಯನ್ನು ನನ್ನ ಬಾಗಿಲಿಗೆ ತಂದು ನಿಲ್ಲಿಸಿದಾಗ, ನಾನು ಓಣಿಗೆಲ್ಲ ಕೇಳುವಂತೆ ಪ್ರತಿಜ್ಞೆ ಮಾಡಿದೆ.

“ಇದರ ಹಿಂಗಾಲಿ ನವಾಬರ ಗಾದಿ ಹಂಗ ಮಾಡದಿದ್ರ, ನಾ ಸುತ್ತಿಗಿ ಬಿಟ್ಟುಬಿಡ್ತೀನಿ.”

ಒಳಗಿನಿಂದ ನನ್ನ ಹೆಂಡತಿ ಶಿವಕಾಂತಮ್ಮನ ದನಿ ಬಂತು. “ಹೋದ ವರ್ಷನೂ ಹಂಗೇ ಅಂದು ಬಿಟ್ಟಿದ್ರಿ. ನನ್ನ ಕಾಲ ಮ್ಯಾಲ.”

ಸಾಹೇಬರೆದುರು ಹೆಂಡತಿಗೆ ಉತ್ತರ ಕೊಡುವುದು ಮರ್ಯಾದೆಯಲ್ಲ ಎಂದು ಸುಮ್ಮನಾದೆ. ಇಲ್ಲದಿದ್ದರೆ ನನ್ನ ಸಿಟ್ಟು ಸೇಡಂನಲ್ಲಿ ಹೊತ್ತಿಕೊಂಡರೆ ಮಳಖೇಡದಲ್ಲಿ ಹೊಗೆ ಕಾಣಿಸುತ್ತದೆ ಎಂದು ಎಲ್ಲರಿಗೂ ಗೊತ್ತು.

ಆ ಫಟ್‌ಫಟಿ ಮಿಲಿಟರಿಯ ಮೋಟಾರ್ ಸೈಕಲ್ಲು. ಯುದ್ಧ ಮುಗಿದು ಸಿಕಂದರಾಬಾದಿನಲ್ಲಿ ಹರಾಜಾದಾಗ ಸಾಹೇಬರು ಹಿಡಿದದ್ದು. ಅದರ ಮೇಲೆ ಕುಂತು ಅವರು ಕುಂಚಾವರಂ ಕಾಡಿನ ಬಂಡಿದಾರಿ, ಹಳ್ಳ, ಕಲ್ಲು, ಬೇರು ಏನನ್ನೂ ಬಿಡದೆ ತಿರುಗುತ್ತಿದ್ದರು. ಹಿಂದೆ ಚಪರಾಸಿ, ಚಪರಾಸಿಯ ಹೆಗಲಿಗೆ ಬಂದೂಕು. ಹಿಂಗಾಲಿಯ ಎರಡೂ ಬದಿಗೆ ಒಂದೊಂದು ಕಬ್ಬಿಣದ ಕೊಳವೆ, ಕೊಳವೆಯೊಳಗೆ ಸುರುಳಿ ಕಮಾನು, ಮೇಲೆ ಕಡಗದಂಥ ಒಂದು ದೊಡ್ಡ ನಟ್ಟು. ಕಡಗ ತಿರುವಿದರೆ ಕಮಾನು ಬಿಗಿ, ಹಿಂದಕ್ಕೆ ತಿರುವಿದರೆ ಸಡಿಲು. ಇಷ್ಟೇ ವಿದ್ಯೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ನೋಡಿದ ಕೂಡಲೇ ಹೊಳೆಯಿತು.

“ಹಳ್ಳಕ್ಕ ಬಿತ್ತಂದ್ರ ಪೀಛೇ ಕುಂತೇ ಬಿಡ್ತದ ಮಿಸ್ತ್ರಿ,” ಎಂದು ಸಾಹೇಬರು ಸೊಂಟ ಹಿಡಿದುಕೊಂಡು ತೋರಿಸಿದರು. “ಧಡ್ ಅಂತ ಕಮರ್‌ಗೆ ಬಡಿತದ. ಥೋಡಾ ಬಿಗಿ ಮಾಡು. ನಾ ಹೈದರಾಬಾದಿಗಿ ಹೋಗಿ ನಾಳಿ ಸಂಜಿ ರೈಲಿಗಿ ಬರ್ತೀನಿ. ಫಟ್‌ಫಟಿ ಛಲೋ ಆಗಿದ್ರ ನಿನ್ನ ಇದ್ದಲಿ ಕಾಗದಾ ಮ್ಯಾಲ ದಸ್ತಖತ್. ಇಲ್ಲಂದ್ರ...”

ಅಷ್ಟಕ್ಕೇ ನಿಲ್ಲಿಸಿದರು. ಅಧಿಕಾರಿಗಳು ಆಡಿದ ಮಾತಿಗಿಂತ ಆಡದೆ ನುಂಗಿದ ಮಾತು ಹೆಚ್ಚು ಹೆದರಿಸುತ್ತದೆ. ನನ್ನ ಕುಲುಮೆಗೆ ಇದ್ದಿಲು ಬರಬೇಕಾದದ್ದು ಅವರ ಕಾಡಿನಿಂದ. ಪರವಾನಗಿ ಆ ವಾರಕ್ಕೆ ಮುಗಿಯುತ್ತಿತ್ತು. ಅವರ ರುಜು ಬೀಳದಿದ್ದರೆ ಕುಲುಮೆ ತಣ್ಣಗೆ, ತಿದಿ ತೆಪ್ಪಗೆ, ನಾನು ಬೀದಿಗೆ.

ಹೋಗುವಾಗ ತಿರುಗಿ ಇನ್ನೊಂದು ಮಾತು ಹೇಳಿದರು. “ಮತ್ತ ಮಿಸ್ತ್ರಿ, ಫಟ್‌ಫಟಿ ಹೊಡಿಬ್ಯಾಡ. ಬರೇ ಕಮಾನು.”

“ಛೇ ಛೇ, ನಾ ಯಾಕ ಹೊಡೀಲಿ ಸಾಹೇಬರ?” ಎಂದೆ. ಹೇಳುವಾಗ ನಿಜವನ್ನೇ ಹೇಳಿದ್ದೆ.

ರೈಲುಗಾಡಿ ತಡವಾಗಿತ್ತಂತೆ. ಸ್ಟೇಷನ್ನಿನಲ್ಲಿ ಕುಂತ ಸಾಹೇಬರಿಗೆ, ಮಿಲಿಟರಿಯ ಮೇಕ್ಯಾನಿಕ್ ಹೇಳಿದ ಲೆಕ್ಕ ನೆನಪಾಗಿ, ಒಂದು ಚೀಟಿ ಬರೆದು ಟಾಂಗಾದ ಹಾಜಿಸಾಬನ ಕೈಗೆ ಕೊಟ್ಟು ಕಳಿಸಿದರು. ಆಗ ನಾನು ಬಜಾರಿನಲ್ಲಿದ್ದೆ. ಶಿವಕಾಂತಮ್ಮ ಔಡಲೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಿದ್ದಳು. ಹಾಗೇ ಎದ್ದು ಚೀಟಿ ಇಸಿದುಕೊಂಡು, ನಾನು ಬಂದ ಮೇಲೆ ಕೊಟ್ಟಳು.

“ನೆಟ್ಟಗ ಹಿಡದು ಓದ್ರಿ,” ಎಂದಳು.

ಈ ಮಾತಿನಲ್ಲಿ ಮುಳ್ಳಿತ್ತು. ನಾನು ಓದಿದ್ದು ಉರ್ದು ಶಾಲೆ, ಬರುವ ಚೀಟಿಗಳೂ ಉರ್ದುವಿನವೇ. ಉರ್ದುವಿನಲ್ಲಿ ಏಳು ಬರೆದರೆ ಬಾಯಿ ತೆರೆದು ಮೇಲಕ್ಕೆ ನಿಂತ ಇಕ್ಕಳದಂತಿರುತ್ತದೆ. ಎಂಟು ಎಂದರೆ ಅದೇ ಇಕ್ಕಳ ಕವುಚಿ ಬಿದ್ದದ್ದು. ಹೋದ ವರ್ಷ ಚಿತ್ತಾಪುರದ ವಕೀಲರು ತಮ್ಮ ಟಾಂಗಾದ ಒಂದು ಬದಿಗೆ ಏಳು ಪಟ್ಟಿಯ ಕಮಾನು ಬೇಕೆಂದು ಬರೀ ಅಂಕಿ ಬರೆದು ಕಳಿಸಿದ್ದರು. ನಾನು ಚೀಟಿ ತಿರುವಿ ಹಿಡಿದು ಎಂಟು ಹಾಕಿಬಿಟ್ಟೆ. ವಕೀಲರು ಇಲ್ಲಿಂದ ಚಿತ್ತಾಪುರದವರೆಗೆ ಓರೆಯಾಗಿ ಹೋದರು. ಅಂದಿನಿಂದ ನಮ್ಮ ಮನೆಯಲ್ಲಿ ಉಪ್ಪು ಹೆಚ್ಚಾದರೂ “ಚೀಟಿ ಉಲ್ಟಾ ಹಿಡದಿದ್ದೆ” ಎಂಬುದೇ ಆಕೆಯ ಜವಾಬು.

ಈ ಸಲ ನೆಟ್ಟಗೇ ಹಿಡಿದೆ. ಬಲಗಡೆ ಎರಡು ಎಂಬ ಅಂಕಿ. ಅದರ ಬಲ ಪಕ್ಕಕ್ಕೆ ಒಂದು ದುಂಡು ಚುಕ್ಕಿ. ಉರ್ದುವಿನಲ್ಲಿ ಸೊನ್ನೆಯೆಂದರೆ ಬರೀ ಚುಕ್ಕಿಯೇ. ಆಮೇಲೆ ‘ಚಕ್ಕರ್’ ಎಂಬ ಶಬ್ದ. ಸ್ಪಷ್ಟವಾಗಿತ್ತು: ಇಪ್ಪತ್ತು ಸುತ್ತು.

ನಟ್ಟು ತಿರುವುವ ಪಾನಾ ಹಚ್ಚಿದೆ. ಐದು ಸುತ್ತಿಗೆ ಕಡಗ ಬೆಣ್ಣೆಯಂತೆ ತಿರುಗಿತು. ಹತ್ತಕ್ಕೆ ಬೆವರು ಬಂತು. ಹನ್ನೆರಡಕ್ಕೆ ಕಡಗ ಕಿರುಗುಟ್ಟಿತು. ಹದಿನೈದಕ್ಕೆ ನಾನು ಕಿರುಗುಟ್ಟಿದೆ. ಪಾನಾದ ಹಿಡಿಗೆ ಒಂದು ಮಾರು ಉದ್ದದ ಕೊಳವೆ ಸಿಗಿಸಿ ಜೋತುಬಿದ್ದೆ. ಶಿವಕಾಂತಮ್ಮ ಗಾಡಿ ಅಲುಗಾಡದಂತೆ ಹ್ಯಾಂಡಲ್ ಹಿಡಿದು ನಿಂತಿದ್ದಳು.

“ಸಾಕ್ರಿ. ಕಬ್ಬಿಣ ಅಳ್ಲಿಕತ್ತದ.”

“ಅದು ಅಳೂದಲ್ಲ, ಹಾಡೂದು. ಇನ್ನ ಐದು ಅವ.”

“ಥೋಡಾ ಬಿಗಿ ಮಾಡಂದ್ರು ಸಾಹೇಬರು. ಇಪ್ಪತ್ತು ಅಂದ್ರ ಭಾಳ ಆಗಲಿಲ್ಲೇನು?”

ನನಗೆ ತಲೆಗೇರಿತು. “ಓದಲಿಕ್ಕ ಬರೂದು ಯಾರಿಗಿ? ನಿನಗೋ, ನನಗೋ?”

“ನಿಮಗೇ,” ಎಂದಳು.

ಆ ಕಡೆ ಇಪ್ಪತ್ತು, ಈ ಕಡೆ ಇಪ್ಪತ್ತು ಮುಗಿಸಿದಾಗ ನನ್ನ ಅಂಗೈಯಲ್ಲಿ ನಾಲ್ಕು ಬೊಬ್ಬೆ ಎದ್ದಿದ್ದವು. ಹಿಂದಿನ ಸೀಟಿನ ಮೇಲೆ ಎರಡೂ ಕೈ ಊರಿ ಒತ್ತಿದೆ. ಕುಗ್ಗಲಿಲ್ಲ. ಹತ್ತಿ ನಿಂತು ಕುಣಿದೆ. ಶಹಾಬಾದಿನ ಫರಸಿ ಕಲ್ಲಿನ ಮೇಲೆ ಕುಣಿದಂತಾಯಿತು.

ಅಲ್ಲಿಂದ ಭಯ ಶುರುವಾಯಿತು. ಸಾಹೇಬರು ಬಂದು ಕುಂತು, ಇದು ಗಾದಿಯಲ್ಲ ಬಂಡೆ ಎಂದರೆ? ಅವರು ನುಂಗಿದ ಆ ಮಾತು ಹೊರಗೆ ಬಂದರೆ? ಆ ರಾತ್ರಿ ಒಂದು ಉಪಾಯ ಹೊಳೆಯಿತು. ಇಬ್ಬರ ಭಾರ ಬಿದ್ದರೆ ಮೆತ್ತಗಾಗಬಹುದು, ಒಮ್ಮೆ ಹೊಡೆದು ನೋಡದೆ ತಿಳಿಯುವುದಿಲ್ಲ. ಶಹಾಬಾದಿನ ಕಲ್ಲಿನ ಖಾಣಿಯಲ್ಲಿ ಕೆಲಸಕ್ಕಿದ್ದಾಗ ಕೂಲಿಗಳ ಮುಕಾದಮನ ಹಳೇ ಫಟ್‌ಫಟಿ ಮೂರು ಸಲ ಹೊಡೆದಿದ್ದೆ. ಎರಡು ಸಲ ಬಿದ್ದಿರಲಿಲ್ಲ.

ಬೆಳಗ್ಗೆ ಹೆಂಡತಿಗೆ ಹೇಳಿದೆ. “ಚಪರಾಸಿ ಬದ್ಲಿ ನೀ ಹಿಂದ ಕುಂದ್ರಬೇಕು.”

“ಹೊಡಿಬ್ಯಾಡಂದಾರ ಸಾಹೇಬರು.”

“ಅವರು ಬರೂದು ಸಂಜಿಗಿ. ಯಾರು ನೋಡ್ತಾರ?”

ಆಕೆ ಲೆಕ್ಕ ಹಾಕಿದಳು. “ಸುಮ್ಮ ತಿರುಗಲಿಕ್ಕ ನಾ ಬರಂಗಿಲ್ಲ. ಮಳಖೇಡಕ್ಕ ನಮ್ಮ ಚಂದಮ್ಮನ ಮನಿತನ ಆದ್ರ ಕುಂದರ್ತೀನಿ. ಕೂಸಿನ ತೊಟ್ಟಿಲಕ್ಕ ಹೋಗಲಿಕ್ಕ ನೀವು ಬಿಡಲಿಲ್ಲ.”

ಚಂದಮ್ಮ ಆಕೆಯ ತಂಗಿ, ತೊಟ್ಟಿಲೆಂದರೆ ಅವಳ ಕೂಸಿನ ನಾಮಕರಣ. ಒಪ್ಪಿಕೊಂಡೆ. ಶಿವಕಾಂತಮ್ಮ ಕೂಸಿಗೆ ಕುಲಾಯಿ ಟೊಪ್ಪಿಗೆ, ತಂಗಿಗೆ ಮಾಲ್ದಿಯ ಸಿಹಿ ಕಟ್ಟಿದ ಗಂಟನ್ನು ಹಿಂದಿನ ಕಬ್ಬಿಣಕ್ಕೆ ಬಿಗಿಯಾಗಿ ಬಿಗಿದಳು. ಗಂಟು ಬಿಗಿದಂತೆ ತನ್ನನ್ನೂ ಬಿಗಿದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸಡಕಿನ ಮೇಲೆ ಪೋಲೀಸರ ಭಯ. ಆದ್ದರಿಂದ ಹೊಲಗಳ ನಡುವಿನ ಬಂಡಿದಾರಿ ಹಿಡಿದೆ. ಎರೆ ಭೂಮಿ, ಬ್ಯಾಸಿಗೆಯ ಆರಂಭ, ಒಂದೊಂದು ಬಿರುಕಿನಲ್ಲಿ ಕಾಲು ಸಿಕ್ಕಿಕೊಳ್ಳುವಂತಿತ್ತು. ಮೊದಲ ಹೆಂಟೆಗೆ ಹಿಂಗಾಲಿ ತಗುಲಿದಾಗ ಫಟ್‌ಫಟಿ ಹಿಂದಿನಿಂದ ಒದ್ದಿತು. ಕತ್ತೆ ಒದೆಯುತ್ತದಲ್ಲ, ಹಾಗೆ. ನನ್ನ ಹಲ್ಲು ನಾಲಗೆ ಕಚ್ಚಿತು.

“ರೀ, ನಾ ಮ್ಯಾಲ ಹೋಗಿದ್ದೆ.”

“ತಿರುಗಿ ಬಂದ್ಯಲ್ಲ?”

“ಈ ಸಲ ಬಂದೀನಿ.”

ಎರಡನೇ ಹೆಂಟೆ. “ರೀ, ನಿಂದರಸ್ರಿ.”

“ನಿಂದರಸಿದ್ರ ಮತ್ತ ಚಾಲೂ ಆಗಂಗಿಲ್ಲ ಇದು. ಗಟ್ಟಿ ಹಿಡಕೋ.”

“ಏನು ಹಿಡಕೊಳ್ಲಿ? ನಿಮ್ಮ ಅಂಗಿ ಹರದು ನನ್ನ ಕೈಯಾಗ ಬಂದದ.”

ಮುಂದೆ ಒಂದು ಒಣ ಹಳ್ಳ ಬಂತು. ನಿಲ್ಲಿಸಲು ಗೊತ್ತಿದ್ದರೆ ನಿಲ್ಲಿಸುತ್ತಿದ್ದೆ. ಕಣ್ಣು ಮುಚ್ಚಿದೆ. ಇಳಿಯಿತು, ಏರಿತು, ಹಿಂಗಾಲಿ ಆಕಾಶಕ್ಕೆ ಒದ್ದಿತು, ನಾನು ಹ್ಯಾಂಡಲ್ಲಿಗೆ ಜೋತು ಬಿದ್ದೆ. ಕಣ್ಣು ತೆರೆದಾಗ ಆಚೆ ದಂಡೆಯ ಮೇಲೆ ಫಟ್‌ಫಟಿ ಓಡುತ್ತಿತ್ತು. ಬದುಕಿದ್ದೆ.

ಹಿಂದಿನಿಂದ ಬೈಗುಳ ಬರಲಿಲ್ಲ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಇಂಥ ಶಾಂತಿ ಕಂಡಿರಲಿಲ್ಲ. ಪಾಪ, ಹೆದರಿ ಮಾತು ನಿಂತಿರಬೇಕು ಎಂದು ನನ್ನ ಕರುಳು ಕರಗಿತು. ಎಂಜಿನ್ನಿನ ಸದ್ದಿಗಿಂತ ಮೇಲೆ ಕೇಳಲೆಂದು ಗಂಟಲು ಹರಿಯುವಂತೆ ಕೂಗಿ ಹೇಳಿದೆ.

“ಏ ಇವಳ, ನಿನ್ನ ಮುಂದ ಖರೇ ಹೇಳ್ತೀನಿ. ನನಗ ಸಾಹೇಬರ ಹೆದರಿಕಿ ಭಾಳ ಅದ. ಸಿಟ್ಟು ಬರೇ ಮ್ಯಾಲಿಂದು. ಒಳಗ ಪುಕುಪುಕು ಅಂತದ. ಕುಲುಮಿ ಆರಿದ್ರ ನಿನಗ ಹ್ಯಾಂಗ ಸಾಕಲಿ ಅಂತ ನಿದ್ದಿ ಹತ್ತಿಲ್ಲ. ನಿನ್ನ ತೊಟ್ಟಿಲಕ್ಕ ಕಳಸಲಿಲ್ಲ, ತಪ್ಪಾಯ್ತು.”

ಉತ್ತರ ಬರಲಿಲ್ಲ. ಅಳುತ್ತಿದ್ದಾಳೆ ಎಂದುಕೊಂಡೆ. ಅಳಲಿ ಬಿಡು, ಮನಸ್ಸು ಹಗುರಾಗುತ್ತದೆ ಎಂದು ಮತ್ತೆರಡು ಮೈಲಿ ಇಂಥವೇ ಮೃದು ಮಾತುಗಳನ್ನು ಕೂಗುತ್ತಾ ಹೋದೆ. ಸವಾರಿ ಮಾತ್ರ ಯಾಕೋ ಮೊದಲಿಗಿಂತ ಹೆಚ್ಚು ಒದೆಯುತ್ತಿತ್ತು.

ಮಳಖೇಡದಲ್ಲಿ ಚಂದಮ್ಮನ ಮನೆ ಮುಂದಿನ ತಿಪ್ಪೆಗೆ ಗುದ್ದಿ ನಿಲ್ಲಿಸಿದೆ. ಮೈಯ ಧೂಳು ಕೊಡವಿ, ಮುಂದೆ ನೋಡುತ್ತಲೇ ದೊಡ್ಡಸ್ತಿಕೆಯಿಂದ ಹೇಳಿದೆ. “ಇಳಿ. ನಿನ್ನ ತಂಗಿ ಮನಿ ಬಂತು. ನಾ ಮಾತಂದ್ರ ಮಾತು.”

ಚಂದಮ್ಮ ಕೂಸನ್ನೆತ್ತಿಕೊಂಡು ಹೊರಗೆ ಬಂದಳು. ನನ್ನನ್ನು ನೋಡಿದಳು, ನನ್ನ ಹಿಂದೆ ನೋಡಿದಳು.

“ಮಾಮಾ, ಯಾರಿಗಿ ಇಳಿ ಅನ್ಲಿಕತ್ತೀರಿ?”

ತಿರುಗಿ ನೋಡಿದೆ. ಗಂಟು ಇತ್ತು. ಗಂಟು ಹಾಕಿದವಳು ಇರಲಿಲ್ಲ.

ಓದುಗರೇ, ನನ್ನ ಕೈಕಾಲಿನ ಕಮಾನುಗಳೆಲ್ಲ ಒಮ್ಮೆಗೇ ಸಡಿಲಾದವು. “ಅಕ್ಕ ಎಲ್ಲ್ಯಾಳ?” ಎಂದು ಚಂದಮ್ಮ ಕೇಳಿದಳು. ದಾರಿಯಲ್ಲಿ ಚೆಲ್ಲಿ ಬಂದೆ ಎಂದು ಹೇಗೆ ಹೇಳುವುದು? “ಹಿಂದ ಬರ್ಲಿಕತ್ತಾಳ” ಎಂದೆ. ಒಂದು ಲೆಕ್ಕಕ್ಕೆ ಅದು ಸುಳ್ಳೂ ಅಲ್ಲ. ಗಂಟನ್ನು ಬಿಚ್ಚಿ ಆಕೆಯ ಕೈಗೆ ತುರುಕಿ, ಫಟ್‌ಫಟಿ ತಿರುವಿ, ನೂಕಿ ಹತ್ತಿದೆ. “ಮಾಮಾ, ನೀರಾದರ ಕುಡೀರಿ” ಎಂದದ್ದು ಕೇಳಿಸಿದರೂ ನಿಲ್ಲಲಿಲ್ಲ.

ಬಂದ ದಾರಿಯ ಎರಡೂ ಬದಿ ನೋಡುತ್ತಾ ಬಂದೆ. ಪ್ರತಿ ಬಿರುಕಿನಲ್ಲೂ ನನಗೆ ಹಸಿರು ಸೀರೆ ಕಂಡಿತು. ಹತ್ತಿರ ಹೋದರೆ ಜಾಲಿ ಗಿಡ. ಆಕೆ ಸತ್ತಿದ್ದರೆ? ತಂಗಿಯ ಮನೆಗೆ ಹೋಗುವ ಆಸೆಯಲ್ಲೇ ಸತ್ತಿದ್ದರೆ? ಸಾಹೇಬರು, ಇದ್ದಿಲು, ಪರವಾನಗಿ ಎಲ್ಲ ಸುಟ್ಟುಹೋಗಲಿ, ಆಕೆ ಒಂದು ಬೈಗುಳ ಬೈದರೆ ಸಾಕು ಎಂದು ಬಸವಣ್ಣನಿಗೆ ಬೇಡಿಕೊಂಡೆ. ಹಳ್ಳದ ದಂಡೆಯ ಮರಳಿನಲ್ಲಿ ಹೂತು ಫಟ್‌ಫಟಿ ನಿಂತಾಗ ಅಲ್ಲಿ ಒಂದು ಚಪ್ಪಲಿ ಬಿದ್ದಿತ್ತು. ಪಕ್ಕದಲ್ಲಿ ಎರಡು ಬಳೆ ಚೂರು ಮತ್ತು ನನ್ನ ಅಂಗಿಯ ತುಂಡು. ಚಪ್ಪಲಿ ಎದೆಗೆ ಹಿಡಿದುಕೊಂಡು ಅಲ್ಲೇ ಕುಸಿದೆ. ನಲವತ್ತೈದರ ಗಂಡಸು, ಕಬ್ಬಿಣ ಬಗ್ಗಿಸುವವನು, ಹೋ ಎಂದು ಅತ್ತೆ.

“ಕ್ಯೋಂ ಭೈ, ಚಪ್ಪಲಿ ಸಲುವಾಗಿ ಇಷ್ಟು ಅಳೂದೇನು?”

ತಲೆ ಎತ್ತಿದರೆ ಆಡು ಮೇಯಿಸುವ ಜೈತುನ್‌ಬೀ, ಕೋಲು ಹಿಡಿದು ನಿಂತಿದ್ದಳು.

“ಯವ್ವಾ, ಇಲ್ಲಿ ಒಬ್ಬಾಕಿ ಬಿದ್ದಿದ್ದಳು, ನೋಡೀಯೇನು?”

“ನೋಡ್ದೆ. ಮ್ಯಾಲಿಂದ ಬಂದು ಮರಳಾಗ ಕುಂತಳು. ಎದ್ದಳು. ನರಸಪ್ಪನ ಮೇವಿನ ಬಂಡಿ ಸೇಡಂಗಿ ಹೊಂಟಿತ್ತು, ಹತ್ತಿ ಹೋದಳು. ಇಲ್ಲಿಂದ ಆ ಗಿಡದ ತನಕ ಬೈಕೋಂತನೇ ಹೋದಳು. ಯಾರಿಗಂತ ತಿಳೀಲಿಲ್ಲ.”

“ನನಗವ್ವಾ, ನನಗ,” ಎಂದು ಸಂತೋಷದಿಂದ ಆಕೆಯ ಕಾಲು ಮುಟ್ಟಹೋದೆ. ಆಡುಗಳು ಹೆದರಿ ಚದುರಿದವು.

ಸಂತೋಷ ಬಹಳ ಹೊತ್ತು ನಿಲ್ಲಲಿಲ್ಲ. ಸತ್ತಿದ್ದಾಳೆಂಬ ಭಯ ಹೋಗಿ, ಬದುಕಿದ್ದಾಳೆಂಬ ಭಯ ಹಿಡಿಯಿತು. ಹಳ್ಳ ದಾಟಿಸಿ, ಮುಂದೆ ದಾರಿಯುದ್ದಕ್ಕೂ ನೂಕಿಕೊಂಡೇ ಸೇಡಂ ಸೇರಿದೆ. ಹತ್ತುವ ಧೈರ್ಯ ಉಳಿದಿರಲಿಲ್ಲ.

ಮನೆ ಮುಂದೆ ಬಂದಾಗ ಉಳಿದ ಅರ್ಧ ಜೀವವೂ ಹೋಯಿತು. ಸಂಜೆ ಗಾಡಿಗೆ ಬರಬೇಕಾದ ಬಂದೇಅಲಿ ಸಾಹೇಬರು ಮಧ್ಯಾಹ್ನದ ಗಾಡಿಗೇ ಬಂದು, ನಮ್ಮ ಕಟ್ಟೆಯ ಮೇಲೆ ಕುಂತು ಮಜ್ಜಿಗೆ ಕುಡಿಯುತ್ತಿದ್ದರು. ಬಾಗಿಲಲ್ಲಿ ಶಿವಕಾಂತಮ್ಮ. ಮೊಣಕೈಗೆ ಅರಿಶಿಣದ ಪಟ್ಟಿ, ಒಂದೇ ಕಾಲಿಗೆ ಚಪ್ಪಲಿ.

ಕೈಯಲ್ಲಿದ್ದ ಇನ್ನೊಂದನ್ನು ಆಕೆಯ ಮುಂದೆ ಇಟ್ಟೆ. ಆಕೆ ಮಾತಾಡದೆ ಮೆಟ್ಟಿಕೊಂಡಳು. ಆ ಮೌನವನ್ನು ನಾನು ಈ ಸಲ ಶಾಂತಿ ಎಂದುಕೊಳ್ಳಲಿಲ್ಲ.

“ಮಿಸ್ತ್ರಿ,” ಎಂದರು ಸಾಹೇಬರು ಮೆಲ್ಲಗೆ. “ಹೊಡಿಬ್ಯಾಡ ಅಂದಿದ್ದೆ.”

“ನೂಕಿದ್ದೀನಿ ಸಾಹೇಬರ,” ಎಂದೆ.

ಅವರು ಎದ್ದು ಹಿಂದಿನ ಸೀಟು ಒತ್ತಿದರು. ಮತ್ತೆ ಒತ್ತಿದರು. ಬಗ್ಗಿ ಕಡಗ ನೋಡಿದರು. ನಾನು ಕಂಬ ಹಿಡಿದು ನಿಂತೆ.

“ಎಷ್ಟು ಚಕ್ಕರ್ ಹಾಕಿದಿ?”

“ನೀವು ಬರದಷ್ಟೇ, ಬೀಸ್, ಇಪ್ಪತ್ತು.”

“ನಾ ದೋ ಬರದಿದ್ದೆ, ಎರಡೇ.”

ಚೀಟಿ ತೆಗೆದು ಮುಂದೆ ಹಿಡಿದೆ. ಸಾಹೇಬರು ಇಸಿದುಕೊಂಡು ಕಣ್ಣ ಹತ್ತಿರ ಹಿಡಿದರು. ಬೆರಳಿನಿಂದ ತಿಕ್ಕಿದರು. ಬೆರಳು ಕಪ್ಪಾಯಿತು.

“ಇದು ಶಾಯಿ ಅಲ್ಲ. ಈ ನುಕ್ತಾ, ಈ ಚುಕ್ಕಿ ಯಾರದು?”

ನನಗೆ ಒಮ್ಮೆಗೇ ಜೀವ ಬಂತು. ತಪ್ಪು ನನ್ನದಲ್ಲ! ಹಾಜಿಸಾಬನನ್ನು ಅವನ ಕುದುರೆ ಸಮೇತ ನುಂಗಿಬಿಡಬೇಕೆಂದು ಬಾಯಿ ತೆರೆದೆ.

“ನಂದರಿ ಸಾಹೇಬರ,” ಎಂದಳು ಶಿವಕಾಂತಮ್ಮ.

ತೆರೆದ ಬಾಯಿ ಹಾಗೇ ಉಳಿಯಿತು.

“ಇವರು ಚೀಟಿ ಉಲ್ಟಾ ಹಿಡೀತಾರ್ರಿ. ಓದೂದು ಯಾವ ಕಡಿಂದ ಸುರು ಅಂತ ಹಾಜಿಸಾಬಗ ಕೇಳ್ದೆ. ಬಲಗಡಿಂದ ಅಂತ ತೋರಿಸ್ದ. ಇವರಿಗಿ ಗುರ್ತು ಸಿಗಲಂತ ಅಲ್ಲಿ ಒಂದು ಕಾಡಿಗಿ ಚುಕ್ಕಿ ಇಟ್ಟೆ. ಕೂಸಿಗಿ ದೃಷ್ಟಿ ಆಗಬಾರದಂತ ಇಡ್ತೀವಲ್ರಿ, ಹಂಗ.”

ಸಾಹೇಬರು ಮೊದಲು ಚೀಟಿ ನೋಡಿದರು, ಆಮೇಲೆ ಅವಳನ್ನು, ಆಮೇಲೆ ನನ್ನ ಹರಿದ ಅಂಗಿಯನ್ನು. ಅವರ ಹೊಟ್ಟೆ ಅಲುಗಾಡಿತು. ಮುಖ ಮಾತ್ರ ಅಮೀನರ ಮುಖವೇ.

“ಅಠರಾ, ಹದಿನೆಂಟು ಚಕ್ಕರ್ ವಾಪಸ್ ಬಿಚ್ಚು,” ಎಂದರು. “ಆಮ್ಯಾಲ ನೋಡ್ತೀನಿ.”

ಮತ್ತೆ ಪಾನಾ, ಮತ್ತೆ ಕೊಳವೆ. ಶಿವಕಾಂತಮ್ಮ ಹ್ಯಾಂಡಲ್ ಹಿಡಿದು ಎಣಿಸಿದಳು. ಏಳಕ್ಕೆ ನಿಲ್ಲಿಸಿ, ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು.

“ಒಳಗ ಪುಕುಪುಕು ಅಂತದ ಅಂದ್ರಲ್ಲ, ಈಗೂ ಅನ್ಲಿಕತ್ತದೇನು?”

ಪಾನಾ ಜಾರಿತು. “ನಿನಗ ಹ್ಯಾಂಗ ಕೇಳ್ತು?”

“ಹಳ್ಳದ ತನಕ ಕೇಳ್ತು. ನರಸಪ್ಪ ಬಂಡಿ ನಿಂದರಿಸಿ ಕೇಳ್ಯಾನ. ಎಂಟು.”

ಸೇಡಂ ತಾಲೂಕಿನ ನನ್ನ ದರ್ಬಾರು ಅಲ್ಲಿಗೆ ಮುಗಿಯಿತು. ಉಳಿದ ಸುತ್ತುಗಳನ್ನು ತಲೆ ತಗ್ಗಿಸಿಯೇ ಬಿಚ್ಚಿದೆ.

ಸಾಹೇಬರು ಹತ್ತಿ ಸ್ಟೇಷನ್ನಿನ ಹಿಂದಿನ ಗುಂಡಿ, ಗಟಾರ, ಕಲ್ಲಿನ ರಾಶಿ ಎಲ್ಲವನ್ನೂ ಸುತ್ತಿ ಬರಲು ಹೋದರು. ಆ ಹೊತ್ತಿನಲ್ಲಿ ನಾನು ಕುಲುಮೆಯ ಮುಂದೆ ಕುಂತು ಉಳಿದ ಇದ್ದಿಲನ್ನು ಎಣಿಸಿದೆ. ಮೂವತ್ತೊಂದು ತುಂಡಿದ್ದವು. ಫಟ್‌ಫಟಿಯ ಸದ್ದು ತಿರುಗಿ ಬಂತು. ಸಾಹೇಬರು ಇಳಿದು, ಸೊಂಟ ಮುಟ್ಟಿ ನೋಡಿಕೊಂಡು, ಕೈ ಚಾಚಿದರು.

“ಕಾಗದಾ ತಾ.”

ದಸ್ತಖತ್ ಬಿತ್ತು. ಎರಡು ಬಂಡಿ ಇದ್ದಿಲು. ಎರಡು ಎಂಬ ಅಂಕಿಯನ್ನು ಸಾಹೇಬರು ದಪ್ಪಗೆ ಬರೆದು, ನನ್ನ ಕಡೆ ಒಮ್ಮೆ ನೋಡಿ, ಕಾಗದವನ್ನು ಶಿವಕಾಂತಮ್ಮನ ಕೈಗೇ ಕೊಟ್ಟು ಫಟ್‌ಫಟಿಯ ಕಡೆ ನಡೆದರು.

ಆಕೆ ಕಾಗದವನ್ನು ನೆಟ್ಟಗೆ ಹಿಡಿದು, ಬಲಗಡೆಯ ಆ ಎರಡನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಾಡಿಗೆಯ ಡಬ್ಬಿಯನ್ನು ಮೆಲ್ಲಗೆ ತೆರೆದಳು.

“ರೀ, ಇದಕ್ಕೂ ಒಂದು ಚುಕ್ಕಿ ಇಡಲೇನು? ಇಪ್ಪತ್ತು ಬಂಡಿ ಆಗ್ತದ.”

ಸಾಹೇಬರು ಇನ್ನೂ ಹತ್ತು ಹೆಜ್ಜೆಯ ದೂರದಲ್ಲಿದ್ದರು. ಎರಡೂ ಕೈಯಿಂದ ಆಕೆಯ ಬೆರಳು ಹಿಡಿದುಕೊಂಡೆ. “ಬ್ಯಾಡ ನನ್ನವ್ವಾ, ಜೇಲಿಗಿ ಹಾಕ್ತಾರ. ಅದು ಇಪ್ಪತ್ತು ಆಗ್ತದಂತ ನಿನಗ ಯಾರು ಹೇಳಿದ್ರು?”

ಶಿವಕಾಂತಮ್ಮ ಡಬ್ಬಿ ಮುಚ್ಚಿದಳು.

“ಓದಲಿಕ್ಕ ಬರೂದು ಯಾರಿಗ್ರಿ? ನನಗೋ, ನಿಮಗೋ?”